ಬಾಲರಾಜ ಕತ್ತರಿಸಿದ ಗಟ್ಟಿಮೇಳ

ಮತ್ತಿಕೆರೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಬಾಲರಾಜ ಊರವರ ಮದುವೆಗಳನ್ನೆಲ್ಲ ಎರಡನೇ ಸಲ ಮಾಡಿಸುತ್ತಿದ್ದ. ಅವನದು ವಿಡಿಯೋ ಮಿಕ್ಸಿಂಗ್ ಕೆಲಸ. ಮದುವೆಗೆ ಹೋಗಿ ಶೂಟಿಂಗ್ ಮಾಡುವವರು ಬೇರೆ. ಅವರು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ, ಡಿವಿಡಿ ಮಾಡಿ ಕೊಡುವವನು ಇವನು. ಹೆಬ್ಬಾಳ, ಯಲಹಂಕ, ಯಶವಂತಪುರದ ಸ್ಟುಡಿಯೋದವರು ನನ್ನ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲನ್ನು ಸವೆಸಿಬಿಟ್ಟಿದ್ದರು. ಇಷ್ಟು ಮದುವೆ ಮಾಡಿಸಿದವನು ತಾನು ಮಾತ್ರ ಯಾವ ಮದುವೆಗೂ ಹೋಗುತ್ತಿರಲಿಲ್ಲ. ಕರೆದರೆ, "ಬೇಡ ಗುರು, ಸಾಂಬಾರ್ ವಾಸ್ನೆ ನಂಗೆ ಇಲ್ಲಿಗೇ ಬರುತ್ತೆ," ಎನ್ನುತ್ತಿದ್ದ.

ಮೂಲ ಮಾಕಳಿಯವನು. ಐಟಿಐ ಅರ್ಧಕ್ಕೆ ಬಿಟ್ಟು ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿ ಸೇರಿ, ಅಲ್ಲಿಂದ ಈ ಕಸುಬಿಗೆ ಬಂದಿದ್ದ. ಬೀದಿಯಲ್ಲಿ ಯಾರನ್ನೋ ಕಂಡು ಗಕ್ಕನೆ ನಿಂತು ನಗುವುದು ಅವನ ಕೆಟ್ಟ ಚಾಳಿ. ದಿನಗಟ್ಟಲೆ ಪರದೆಯ ಮೇಲೆ ಅವರ ಮುಖ ನೋಡಿರುತ್ತಿದ್ದನಲ್ಲ! ಯಾರು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡರು, ಯಾರು ಕಂಬದ ಹಿಂದೆ ನಿಂತು ಅತ್ತರು, ಎಲ್ಲ ಅವನಿಗೆ ಗೊತ್ತು. ಅವರಿಗೆ ಇವನ್ಯಾರು ಅನ್ನುವುದೇ ಗೊತ್ತಿಲ್ಲ. ಒಮ್ಮೆ ಬಸ್ ಸ್ಟಾಪಿನಲ್ಲಿ ಹೀಗೆ ಒಬ್ಬಾಕೆಯನ್ನು ನೋಡಿ ನಕ್ಕು, ಆಕೆಯ ಗಂಡನ ಕೈಯಲ್ಲಿ ಏಟು ತಿನ್ನುವುದರಲ್ಲಿದ್ದ. ನಾನೇ ಹೋಗಿ ಬಿಡಿಸಿಕೊಂಡು ಬಂದೆ.

2011ರ ಸುಮಾರಿಗೆ ಮದುವೆ ವಿಡಿಯೋಗಳಿಗೆ ಹೊಸ ಹುಚ್ಚು ಹಿಡಿಯಿತು. ಪರದೆಯನ್ನು ಎರಡು ಭಾಗ ಮಾಡಬೇಕು, ಎಡಕ್ಕೆ ಮಂಟಪದ ಕ್ಯಾಮೆರಾ, ಬಲಕ್ಕೆ ನೆಂಟರ ಕ್ಯಾಮೆರಾ. ಈ ಕಡೆ ತಾಳಿ ಬೀಳುವಾಗ ಆ ಕಡೆ ಎಲ್ಲರೂ ಅಕ್ಷತೆ ಹಾಕುವುದು ಒಟ್ಟಿಗೆ ಕಾಣಬೇಕು. ಎರಡೂ ಒಂದೇ ಕ್ಷಣಕ್ಕೆ ಸರಿಹೊಂದಬೇಕಾದರೆ ಒಂದು ಗುರುತು ಬೇಕಲ್ಲ? ಬಾಲರಾಜನ ಗುರುತು ಗಟ್ಟಿಮೇಳ. ಪುರೋಹಿತರು ಕೈಯೆತ್ತಿದೊಡನೆ ಡೋಲು, ನಾದಸ್ವರ ಒಟ್ಟಿಗೆ ಮೊರೆಯುವುದರಿಂದ ಕಂಪ್ಯೂಟರಿನ ಶಬ್ದದ ಗೆರೆ ಅಲ್ಲಿ ಗುಡ್ಡದಂತೆ ಏಳುತ್ತದೆ. ಎಡದ ಗುಡ್ಡಕ್ಕೆ ಬಲದ ಗುಡ್ಡ ಕೂರಿಸಿದರೆ ಮುಗಿಯಿತು. "ಸಿನಿಮಾದವ್ರಿಗೆ ಕ್ಲ್ಯಾಪು, ನಂಗೆ ಗಟ್ಟಿಮೇಳ," ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಬ್ಯಾಟರಾಯನಪುರದ ನಿರಂಜನ್ ಮದುವೆಯ ಚಿತ್ರ ಬಂದದ್ದು ಆಗಲೇ. ಹಳೇ ಒಕ್ಕಲು ಮನೆತನ; ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಫ್ಲ್ಯಾಟು ಕಟ್ಟಿಸಿದ್ದರು. ಎರಡು ಕ್ಯಾಮೆರಾದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಓಡಿಸಿದರೆ ಸಾಕು, ಸಾಫ್ಟ್‌ವೇರ್ ಗರ ಬಡಿದಂತೆ ನಿಂತು, ಪಟ್ಟನೆ ಮುಚ್ಚಿಹೋಗುತ್ತಿತ್ತು. ಬಾಲರಾಜ ರ್‍ಯಾಮ್ ಬದಲಿಸಿದ, ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕಿದ, ಆಂಟಿವೈರಸ್ ತೆಗೆದ, ಕೊನೆಗೆ ಸಿಪಿಯು ಮುಂದೆ ಊದುಬತ್ತಿಯನ್ನೂ ಹಚ್ಚಿದ. ಯಶವಂತಪುರದಿಂದ ಕಂಪ್ಯೂಟರ್ ರಿಪೇರಿಯ ಹಬೀಬುಲ್ಲಾ ಬಂದು ನೋಡಿದ.

"ಒಂದು ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಫೋಟೋ ಹಿಡಿದೈತೆ, ಇನ್ನೊಂದು ಮೂವತ್ತು. ಸಾಲ್ದು ಅಂತ ಎರಡನೇದ್ರಲ್ಲಿ ಒಂದ್ಕಡೆ ಫೈಲೂ ಕೆಟ್ಟೈತೆ. ಮೊದ್ಲು ಎರಡನ್ನೂ ಒಂದೇ ಜಾತಿ ಮಾಡಿ ಬಾಲಣ್ಣ, ಆಮೇಲೆ ಜೊತೆಗೆ ಕೂರ್ಸಿ," ಎಂದ.

"ನೋಡ್ದಾ ಮಗಾ, ಮದ್ವೆ ಅಂದ್ರೆ ಕಂಪ್ಯೂಟರೂ ಜಾತಿ ಕೇಳುತ್ತೆ!" ಎಂದು ಬಾಲರಾಜ ನನ್ನ ಕಡೆ ತಿರುಗಿ ನಕ್ಕ.

ಹಾಗೆ ಜಾತಿ ಬದಲಿಸಲು ಇಡೀ ದಿನ ಕಂಪ್ಯೂಟರ್ ಬಿಟ್ಟುಕೊಡಬೇಕಿತ್ತು. ಮಾರನೇ ದಿನವೇ ಡಿವಿಡಿ ಕೊಡುವ ಮಾತಾಗಿತ್ತು. ಹಬೀಬುಲ್ಲಾ ಹೋದ ಮೇಲೆ ಬಾಲರಾಜ ಬೇರೆ ದಾರಿ ಹಿಡಿದ. ಸಾಫ್ಟ್‌ವೇರ್ ಸಾಯುತ್ತಿದ್ದದ್ದು ಎರಡನೇ ಕ್ಯಾಮೆರಾದ, ಅಂದರೆ ನೆಂಟರ ಕಡೆಯ ಚಿತ್ರದ, ಒಂದೇ ಜಾಗದಲ್ಲಿ. ಆ ಒಂದು ನಿಮಿಷದಷ್ಟನ್ನು ಕತ್ತರಿಸಿ ಎಸೆದ. ಉಳಿದದ್ದರಲ್ಲಿ ಗಟ್ಟಿಮೇಳದ ಗುಡ್ಡ ಕಂಡಿತು, ಎಡದ ಗುಡ್ಡಕ್ಕೆ ಕೂರಿಸಿದ. ವಿಡಿಯೋ ಬೆಣ್ಣೆಯಂತೆ ಓಡಿತು. ಸಂಜೆ ಇಬ್ಬರೂ ಬೋಂಡಾ ತಿಂದೆವು. ಆ ಕೆಲಸವನ್ನು ಅವನೂ ಮರೆತ, ನಾನೂ ಮರೆತೆ.

ಮರು ವರ್ಷ, ಒಂದು ಮಧ್ಯಾಹ್ನ, ವಯಸ್ಸಾದ ಹೆಂಗಸೊಬ್ಬರು ನನ್ನ ಅಂಗಡಿ ಮುಂದೆ ಬಂದು ನಿಂತರು. ಕೈಚೀಲದಲ್ಲಿ ಆ ಡಿವಿಡಿ. ಅದರ ಮೇಲಿದ್ದ ಫೋನ್ ನಂಬರ್ ಹಿಡಿದು ಸ್ಟುಡಿಯೋಗೆ ಹೋಗಿ, ಅಲ್ಲಿಯವರು ಇಲ್ಲಿಗೆ ಕಳಿಸಿದ್ದರಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಮೆಟ್ಟಿಲು ಕಡಿದಾಗಿದ್ದರಿಂದ ನಾನೇ ಕೈಹಿಡಿದು ಹತ್ತಿಸಿದೆ. ಬಾಲರಾಜ ತಿರುಗಿ ನೋಡಿದವನೇ ಎಂದಿನಂತೆ ನಕ್ಕ. ಗುರುತು ಸಿಕ್ಕಿತ್ತು. ನಿರಂಜನನ ದೊಡ್ಡಮ್ಮ, ಮುನಿಕೆಂಪಮ್ಮ.

"ಈ ಕ್ಯಾಸೆಟ್ಟು ನೀನೇ ಏನಪ್ಪಾ ಮಾಡಿದ್ದು?" ಎಂದರು.

ಅವರು ಹೇಳಿದ್ದು ಇಷ್ಟು. ಅವರಿಗೆ ಮಕ್ಕಳಿಲ್ಲ. ನಿರಂಜನ್ ಹುಟ್ಟಿದಾಗ ಅವನ ತಾಯಿ ಮರಿಯಮ್ಮ ಕಾಯಿಲೆ ಬಿದ್ದದ್ದರಿಂದ ಮಗುವನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದವರು ಇವರೇ. ಮದುವೆಯ ಡಿವಿಡಿ ಬಂದ ದಿನ ಮನೆಯವರೆಲ್ಲ ಸೇರಿ ನೋಡಿದ್ದಾರೆ. ಎಡಗಡೆ ನಿರಂಜನ್ ತಾಳಿ ಕಟ್ಟುತ್ತಿದ್ದಾನೆ. ಬಲಗಡೆ ಮರಿಯಮ್ಮ ಮೊದಲಾಗಿ ಇಡೀ ಸಾಲು ನಗುನಗುತ್ತ ಅಕ್ಷತೆ ಹಾಕುತ್ತಿದೆ. ಮುನಿಕೆಂಪಮ್ಮ ಒಬ್ಬರೇ ಎರಡೂ ಮುಷ್ಟಿ ಬಿಗಿಹಿಡಿದು, ರೆಪ್ಪೆ ಬಡಿಯದೆ ಮಂಟಪವನ್ನೇ ನೋಡುತ್ತ ನಿಂತಿದ್ದಾರೆ. ಅವತ್ತು ಯಾರೂ ಏನೂ ಅನ್ನಲಿಲ್ಲವಂತೆ. ಆಮೇಲೆ ಸೊಸೆ ಇಂದುವಿಗೆ ಮೊದಲ ಸಲ ನಿಂತ ಗರ್ಭ ಇಳಿದುಹೋಯಿತು. ಆಗ ಮಾತು ಹೊರಬಂತು. ಮಕ್ಕಳಿಲ್ಲದವಳ ಕಣ್ಣು, ಅಕ್ಷತೆಯನ್ನೂ ಹಾಕದೆ ದಿಟ್ಟಿಸುತ್ತಿದ್ದಳು, ನೋಡಿ ಬೇಕಾದರೆ, ವಿಡಿಯೋದಲ್ಲೇ ಇದೆ.

"ನಾನು ಆಕ್ದೆ ಕಣಪ್ಪಾ, ಎರಡು ಕೈಲೂ ಆಕ್ದೆ. ಅವತ್ತು ಗಟ್ಟಿಮೇಳ ಎರಡು ಸಲ ಬಾರ್ಸಿದ್ರು. ಪುರೋಯಿತ್ರು ಸುಮ್ಕಿರಿ ಅಂತ ಕೈ ಎತ್ತಿದ್ದಕ್ಕೆ ಯಾವನೋ 'ಗಟ್ಟಿಮೇಳ, ಗಟ್ಟಿಮೇಳ' ಅಂತ ಕೂಗ್ಬುಟ್ಟ. ಡೋಲಿನವ್ರು ಬಾರ್ಸೇ ಬುಟ್ರು. ಎಲ್ರೂ ಆಕ್ಬುಟ್ರು. ತಾಳಿ ಇನ್ನೂ ತಟ್ಟೇಲೇ ಇತ್ತು. ಕಟ್ದೆ ಇರೋ ತಾಳಿಗೆ ಯಾಕಪ್ಪಾ ಅಕ್ಸತೆ? ನಾನು ನೋಡ್ಕಂಡು, ಕಟ್ಟಿದ್ ಮ್ಯಾಲೆ ಆಕ್ದೆ. ಗದ್ಲದಲ್ಲಿ ಯಾರ್ಗೂ ಗ್ಯಾನ ಇಲ್ಲ, ಏಳಿದ್ರೆ ಕತೆ ಕಟ್ತಾವ್ಳೆ ಅಂತಾರೆ. ಇಂದು ಈಗ ಮತ್ತೆ ಬಸ್ರಿ. ಬರೋ ಭಾನುವಾರ ಸೀಮಂತ. ನನ್ನ ಕರೀಬಾರ್ದು ಅಂತ ಮಾತಾಡ್ಕಂಡವ್ರೆ. ನಾನು ಆಕಿದ್ದು ನಿನ್ ಅತ್ರ ಇರ್ತದಲ್ಲಪ್ಪಾ, ಉಡುಕ್ಕೊಡು."

ಬಾಲರಾಜನ ಮುಖ ಬಿಳಿಚಿತು. ಎರಡು ಗಟ್ಟಿಮೇಳ! ಮೊದಲನೆಯದು ಹುಸಿ. ಆಗ ಮಂಟಪದ ಕ್ಯಾಮೆರಾದವನು ಬ್ಯಾಟರಿ ಬದಲಿಸುತ್ತಿದ್ದಿರಬೇಕು; ಹಾಗಾಗಿ ಅವನ ಚಿತ್ರದಲ್ಲಿ ಒಂದೇ ಗುಡ್ಡ. ಎರಡನೇ ಕ್ಯಾಮೆರಾದ ಕೆಟ್ಟುಹೋದ ಆ ಒಂದು ನಿಮಿಷದಲ್ಲೇ ನಿಜವಾದ ಗಟ್ಟಿಮೇಳವಿತ್ತು. ಅದನ್ನು ಕತ್ತರಿಸಿ ಎಸೆದು, ನಿಜವಾದ ತಾಳಿಯ ಪಕ್ಕಕ್ಕೆ ಹುಸಿ ಗಟ್ಟಿಮೇಳ ಕೂರಿಸಿದವನು ಇವನೇ. ಇದೆಲ್ಲ ಆ ಕ್ಷಣಕ್ಕೇ ಅವನಿಗೆ ಹೊಳೆಯಿತೆಂದು ಆಮೇಲೆ ನನ್ನ ಹತ್ತಿರ ಹೇಳಿದ. ಆದರೆ ಬಾಯಿಂದ ಬಂದದ್ದು ಬೇರೆ.

"ಅದು ಕ್ಯಾಮೆರಾದಲ್ಲೇ ಬಂದಿಲ್ಲಮ್ಮಾ. ನಾನೇನ್ ಮಾಡ್ಲಿ?"

ಮುನಿಕೆಂಪಮ್ಮ ಜಗಳ ಮಾಡಲಿಲ್ಲ. ಡಿವಿಡಿಯನ್ನು ಚೀಲಕ್ಕೆ ಹಾಕಿಕೊಂಡರು. "ಅಂಗಾದ್ರೆ ಇಲ್ಲ ಬುಡು," ಎಂದು ಗೋಡೆ ಹಿಡಿದು ಮೆಟ್ಟಿಲಿಳಿದರು. ಏನಾದರೂ ಸಿಕ್ಕಿದರೆ ಇರಲಿ ಎಂದು ನಾನೇ ಅವರ ಫೋನ್ ನಂಬರ್ ಬರೆದಿಟ್ಟುಕೊಂಡೆ.

ಬಾಲರಾಜ ನನಗೆ ನಿಜ ಹೇಳಿದ್ದು ಶನಿವಾರ. ನನಗೆ ಕೆಟ್ಟ ಸಿಟ್ಟು ಬಂತು. "ಥೂ, ನಾಚ್ಕೆ ಆಗಲ್ವಾ ನಿಂಗೆ? ಅವತ್ತೇ ಹೇಳೋದಕ್ಕೇನಾಗಿತ್ತು ರೋಗ?" ಎಂದು ಕೂಗಾಡಿದೆ. ಮಿಕ್ಸಿಂಗಿನವನು ಮದುವೆಯಲ್ಲಿ ಏನನ್ನು ಬೇಕಾದರೂ ಕತ್ತರಿಸಬಹುದು, ಮಂತ್ರಿಯ ಭಾಷಣವನ್ನೂ ಕತ್ತರಿಸಬಹುದು. ಗಟ್ಟಿಮೇಳ ಕತ್ತರಿಸಿದ ಎಂದು ಗೊತ್ತಾದರೆ ಒಬ್ಬ ಸ್ಟುಡಿಯೋದವನೂ ಅವನ ಮೆಟ್ಟಿಲು ಹತ್ತುವುದಿಲ್ಲ. ಆ ಭಯಕ್ಕೆ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. "ಆಯಮ್ಮ ಮೆಟ್ಲು ಇಳಿಯೋದನ್ನ ನೋಡ್ದೆ ಗುರು. ಅನ್ನ ಸೇರ್ತಿಲ್ಲ," ಎಂದ.

ಪುಣ್ಯಕ್ಕೆ ಮೂಲ ಚಿತ್ರ ಹಳೇ ಹಾರ್ಡ್ ಡಿಸ್ಕಿನಲ್ಲಿತ್ತು. ಹಬೀಬುಲ್ಲಾ ಹೇಳಿದ್ದನ್ನು ಆಗ ಮಾಡಿಸಿದ. ಎರಡನ್ನೂ ಒಂದೇ ಜಾತಿಗೆ ತಂದ, ಕೆಟ್ಟ ಜಾಗವನ್ನು ಚೂರುಚೂರಾಗಿ ಬಿಡಿಸಿ ಸರಿಪಡಿಸಿದ. ಕಂಪ್ಯೂಟರ್ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಎಲ್ಲ ಸರಿಹೊಂದುವ ಹೊತ್ತಿಗೆ ಭಾನುವಾರ ಕಳೆದು ಸೋಮವಾರವಾಗಿತ್ತು. ಸೀಮಂತ ಮುಗಿದಿತ್ತು.

ನಾನು ಫೋನ್ ಮಾಡಿದೆ, ಮುನಿಕೆಂಪಮ್ಮ ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ತೆಗೆದರೆ ಚಿಗಳಿ, ತಂಬಿಟ್ಟು. "ಕರೀತಾರೇನೋ ಅಂತ ಸೀಮಂತಕ್ಕೆ ಮಾಡಿಟ್ಟಿದ್ದೆ. ಕರೀಲಿಲ್ಲ. ಮಿಕ್ಕೋಗವೆ, ತಿನ್ರಪ್ಪಾ," ಎಂದರು. ಬಾಲರಾಜ ಒಂದು ಚಿಗಳಿ ಬಾಯಿಗೆ ಹಾಕಿಕೊಂಡ. ಅಗಿಯಲಾರ, ಉಗಿಯಲಾರ.

ಪರದೆಯ ಮೇಲೆ ಎರಡನೇ ಗಟ್ಟಿಮೇಳ ಮೊಳಗಿತು. ಎಡಗಡೆ ತಾಳಿ ಬಿತ್ತು. ಬಲಗಡೆ ಮುನಿಕೆಂಪಮ್ಮ ಎರಡೂ ಕೈಯೆತ್ತಿ ಅಕ್ಷತೆ ಹಾಕಿದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಕ್ಕಳಪ್ಪಾ ನೋಡು, ನಾನು ಅವತ್ತೇ ಏಳ್ಲಿಲ್ವಾ!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಅಮ್ಮಾ, ಕ್ಯಾಮೆರಾ ತಪ್ಪಲ್ಲ," ಎಂದ ಬಾಲರಾಜ. "ಅವಸರಕ್ಕೆ ನಾನೇ ಕತ್ತರ್ಸಿದ್ದು. ಅವತ್ತು ನೀವು ಬಂದಾಗ್ಲೇ ನಂಗೆ ಗೊತ್ತಾಗಿತ್ತು. ಸುಳ್ಳು ಹೇಳ್ಬಿಟ್ಟೆ."

ಅವರು ಮತ್ತೆ ಕುರ್ಚಿಯಲ್ಲಿ ಕುಳಿತರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಸೀಮಂತ ಮುಗ್ದೋಯ್ತಲ್ಲಪ್ಪಾ," ಎಂದರು ಅಷ್ಟೆ.

ಆಮೇಲೆ ಮತ್ತೆ ಪರದೆಯ ಹತ್ತಿರ ಬಗ್ಗಿ, ಮೂಲೆಯೊಂದಕ್ಕೆ ಬೆರಳಿಟ್ಟರು. ಅಲ್ಲಿ ಮರಿಯಮ್ಮ, ವರನ ಹೆತ್ತ ತಾಯಿ, ಬರಿಗೈಯಲ್ಲಿ ಹಿಂದೆ ತಿರುಗಿ ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದರು. ಅವರ ಅಕ್ಷತೆ ಹುಸಿ ಗಟ್ಟಿಮೇಳಕ್ಕೇ ಖರ್ಚಾಗಿತ್ತು.

"ಇದನ್ನ ತೋರ್ಸಿದ್ರೆ, ನಾಳೆ ಏನಾರ ಆದ್ರೆ ಇವ್ಳನ್ನ ಅಂತಾರೆ. ಇಂದೂನ ಹೊಟ್ಟೇಲಿ ಕೂಸು ಅದೆ. ಇವ್ಳು ಆಕಿದ್ದೂ ನಿನ್ ಅತ್ರ ಅದೆಯಲ್ಲ, ಅದನ್ನೂ ಸೇರ್ಸು. ಇಬ್ರೂ ಆಕಿದ್ದಂಗೆ ಮಾಡು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಟೀವಿಯಲ್ಲಿ ಕಂಡದ್ದನ್ನು ಪ್ರಮಾಣಿಸುವವರು ಯಾರೂ ಇಲ್ಲ. ಬಾಲರಾಜ ಮರಿಯಮ್ಮನ ಅಕ್ಷತೆಯನ್ನು ಹುಸಿ ಗಟ್ಟಿಮೇಳದಿಂದ ಎತ್ತಿ, ನಿಜವಾದ ತಾಳಿಯ ಪಕ್ಕಕ್ಕಿಟ್ಟು, ಅದರ ಹಿಂದೆಯೇ ಮುನಿಕೆಂಪಮ್ಮನ ಎರಡು ಕೈಗಳನ್ನು ಜೋಡಿಸಿದ. ಮೊದಲ ಸಲ ಗೊತ್ತಿಲ್ಲದೆ ಮಾಡಿದ ತಪ್ಪನ್ನು ಈ ಸಲ ಗೊತ್ತಿದ್ದೇ ಮಾಡಿದ. ಸಾಫ್ಟ್‌ವೇರ್ ಒಮ್ಮೆಯೂ ಕೆಮ್ಮಲಿಲ್ಲ.

ಹೊಸ ಡಿವಿಡಿ ಹಿಡಿದು ನಾವಿಬ್ಬರೂ ನಿರಂಜನನ ಮನೆಗೆ ಹೋದೆವು. ತಪ್ಪು ತನ್ನದೆಂದು ಹೇಳಿಯೇ ಹೇಳುತ್ತೇನೆಂದು ಬಾಲರಾಜ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. "ಅವತ್ತು ಸಾಫ್ಟ್‌ವೇರ್ ಕ್ರ್ಯಾಶ್ ಆಗ್ತಿತ್ತು ಸಾರ್, ಅದಕ್ಕೆ..." ಎಂದು ಶುರುಮಾಡಿದ. ನಿರಂಜನ್ ಮುಂದಕ್ಕೆ ಬಿಡಲಿಲ್ಲ. ಟೀವಿಯಲ್ಲಿ ಓಡುತ್ತಿದ್ದ ಡಿವಿಡಿಯಲ್ಲಿ ದೊಡ್ಡಮ್ಮನ ಕೈಗಳನ್ನು ಕಂಡವನು ಅದನ್ನೇ ಹಿಂದಕ್ಕೋಡಿಸಿ ಮತ್ತೆ ನೋಡುತ್ತಿದ್ದ. "ಕಂಪ್ಯೂಟರ್ ಮಾಡಿದ್ದಕ್ಕೆ ನೀವೇನ್ ಮಾಡ್ತೀರಾ, ಬಿಡಿ," ಎಂದ. ಮರಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ನಮಗೆ ಕಾಫಿ ಬಂತು, ಚಕ್ಕುಲಿ ಬಂತು. ಬಾಲರಾಜನ ಬಾಯಿಪಾಠ ಬಾಯಲ್ಲೇ ಉಳಿಯಿತು.

ಇಂದುವಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ಕರೆಯಲು ಮುನಿಕೆಂಪಮ್ಮ ತಾವೇ ಬಂದರು. ಬಾಲರಾಜ ಯಾವ ನೆಪ ಹೇಳಿದರೂ ಬಿಡಲಿಲ್ಲ. ಹೋದೆವು. ತೊಟ್ಟಿಲಿಗೆ ಹೂವು ಸುತ್ತಿದ್ದರು, ಯಾವುದೋ ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ. ಮುನಿಕೆಂಪಮ್ಮ ಎಲ್ಲರಿಗೂ ಅಕ್ಷತೆ ಹಂಚುತ್ತ ಬಂದು, ಬಾಲರಾಜನ ಕೈಗೂ ಹಾಕಿದರು. ಸಾವಿರಾರು ಕೈ ಅಕ್ಷತೆ ಹಾಕುವುದನ್ನು ನೋಡಿದವನು ಅದನ್ನು ಅಂಗೈಯಲ್ಲಿಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದವನಂತೆ ನಿಂತ.

ಯಾರೋ "ಹಾಕಿ, ಹಾಕಿ" ಎಂದರು. ಎಲ್ಲರೂ ಹಾಕಿದರು. ಮಗು ಇನ್ನೂ ಇಂದುವಿನ ತೋಳಲ್ಲೇ ಇತ್ತು. ಬಾಲರಾಜ ಮುಷ್ಟಿ ಬಿಗಿಹಿಡಿದು, ತೊಟ್ಟಿಲನ್ನೇ ನೋಡುತ್ತಿದ್ದ. ಕ್ಯಾಮೆರಾ ಅವನ ಕಡೆಗೇ ತಿರುಗಿತು. ಪಕ್ಕದಲ್ಲಿದ್ದ ಹೆಂಗಸು ಅವನನ್ನು ಮೇಲಿಂದ ಕೆಳಕ್ಕೆ ನೋಡಿ, "ಇದ್ಯಾರವ್ವ, ಅಕ್ಸತೆ ಆಕ್ದೆ ಇಂಗೆ ನಿಂತವ್ರೆ?" ಎಂದಳು.

"ಆಕ್ತಾರೆ ಬುಡವ್ವ, ನೋಡ್ತಾ ಅವ್ರೆ," ಎಂದರು ಮುನಿಕೆಂಪಮ್ಮ.

ಇಂದು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಬಾಲರಾಜ ಕೈ ಬಿಚ್ಚಿದ. ಕಾಳುಗಳು ಬೆವರಿಗೆ ಅಂಗೈಗೇ ಅಂಟಿಕೊಂಡಿದ್ದವು.