ಕೇಳದ ಕೂಸಿನ ತುತ್ತು

ತಾಯಿಯನ್ನು ಮಣ್ಣು ಮಾಡಿ ಬಂದ ಮೇಲೆ ಇದು ಕೆಲಸದ ಮೊದಲ ದಿನ. ಬೆಳಕು ಹರಿಯುವ ಮುನ್ನವೇ, ಎಲ್ಲರೂ ಸೌಟಮ್ಮ ಎಂದು ಕರೆಯುವ ಅಡುಗೆಯಾಕೆ ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಾರೆ. ಬೇಳೆ ಬೇಯುತ್ತಿದೆ. ಸುಲಿದ ಮೊಟ್ಟೆಗಳನ್ನು ಒಂದೊಂದಾಗಿ ಸೀಳಿ ಬೇಳೆಯಲ್ಲಿ ಮುಳುಗಿಸುತ್ತಾರೆ. ಇಡಿಯಾಗಿ ಕೊಟ್ಟರೆ ತಪಾಸಣೆಗೆ ಬಂದ ಬಸುರಿಯರು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ಯುತ್ತಾರೆ.

"ಒಂದ್ಸಲ ಕರುಳು ತಡೀದೆ ಎರಡೆರಡು ಕೊಟ್ಟೆ. ಒಂದು ಮನೆಗೆ, ಒಂದು ನಿಂಗೆ ಅಂತ. ಎರಡೂ ಮನೆಗೇ ಹೋದ್ವು!" ಸೌಟಮ್ಮನ ನಗು ಬೇಗ ಆರುತ್ತದೆ.

ಸೌಟಮ್ಮ ಹುಟ್ಟಿದಾಗ ಹಿಡಿಯಷ್ಟಿದ್ದರಂತೆ. ಅವರನ್ನು ಹೊತ್ತಿದ್ದಾಗ ತಾಯಿ ಎಲ್ಲರಿಗೂ ಬಡಿಸಿ, ಪಾತ್ರೆಯ ತಳ ಕೆರೆದು ಉಂಡವರು. ಮಗಳಿಗೆ ಮೂವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಬಸುರಿಗೆ ಆಹಾರ ಸಾಲದಿದ್ದರೆ ಮಗುವಿಗೆ ಮುಂದೆ ಇಂಥ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ವೈದ್ಯೆ ವಿವರಿಸಿದಾಗ ತಾಯಿಯೂ ಪಕ್ಕದಲ್ಲಿದ್ದರು.

"ಅವತ್ತಿಂದ ಅಮ್ಮ ನನ್ನ ಮಾತ್ರೆ ಕಂಡ್ರೆ ಮುಖ ತಿರುಗಿಸ್ತಿದ್ಲು. ನಿನ್ನ ತಪ್ಪಲ್ಲ ಕಣಮ್ಮ, ನಿಂಗೆ ಬಡಿಸೋರೇ ಇರ್ಲಿಲ್ಲ ಅಂತಿದ್ದೆ. ಕೊನೇವರೆಗೂ ಒಪ್ಪಲಿಲ್ಲ."

ಅದಕ್ಕೇ ಸೌಟಮ್ಮ ಬಡಿಸಿ ಹೋಗುವವರಲ್ಲ, ಎದುರೇ ಕೂರುವವರು. ಇಂದು ಎದುರಿಗಿರುವುದು ಅವರ ಪಕ್ಕದ ಮನೆಯ ಹುಡುಗಿ. ಎರಡನೆಯ ಬಸಿರು. ತಿಂಗಳಿನಿಂದ ತೂಕ ಏರಿಲ್ಲ, ದಿನವೂ ಇಲ್ಲೇ ಬಂದು ಉಣ್ಣಲು ವೈದ್ಯೆ ಹೇಳಿದ್ದಾರೆ.

"ಹಸಿವಿಲ್ಲ ಅತ್ತೆ."

"ಹೊಟ್ಟೇಲಿರೋದೇನು ಬಾಡಿಗೆಗೆ ಬಂದಿದ್ಯೇನೇ?"

ಹುಡುಗಿ ನಗುವುದಿಲ್ಲ. "ಮನೇಲಿರೋ ಮಗಳು ಹಸಿವು ಅಂತ ಬಾಯಿಬಿಟ್ಟು ಕೇಳ್ತಾಳೆ. ಇದು ಕೇಳಲ್ವಲ್ಲ." ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾಳೆ.

ಸಂಜೆ ತಾಯಿಯ ಸಾಮಾನು ಎತ್ತಿಡುವಾಗ ಮಂಚದಡಿ ಒಂದು ಸ್ಟೀಲ್ ಡಬ್ಬಿ ಸಿಗುತ್ತದೆ. ಕಾಯಿಲೆ ಬೀಳುವ ಮುಂಚೆ ತಾಯಿ ಪಕ್ಕದ ಮನೆಯಿಂದ ಎರವಲು ತಂದದ್ದು. ಸೌಟಮ್ಮ ಅನ್ನ, ಬೇಳೆ, ಮೊಟ್ಟೆ ಮಾಡಿ ಡಬ್ಬಿ ತುಂಬುತ್ತಾರೆ. ಪಕ್ಕದ ಬಾಗಿಲು ತಟ್ಟುತ್ತಾರೆ.

"ಅಮ್ಮ ತಂದಿದ್ಲು. ವಾಪಸ್ ತಗೋ. ಇದರಲ್ಲಿರೋದು ನಿನ್ನ ಮಗಳಿಗೆ. ನಾಳೆಯಿಂದ ಅವಳನ್ನೂ ಆಸ್ಪತ್ರೆಗೆ ಕರ್ಕೊಂಡ್ಬಾ, ಅವಳ ಪಾಲು ನಾನು ಮನೆಯಿಂದ ತರ್ತೀನಿ. ಈಗ ನಿಂಗಂತ ಏನು ಬೇಯಿಸಿದೀಯೋ ಬಡಿಸ್ಕೊ."

"ಆಮೇಲೆ ಉಣ್ತೀನಿ ಅತ್ತೆ."

"ನಮ್ಮಮ್ಮನೂ ಹಾಗೇ ಅಂತಿದ್ಲಂತೆ."

ಹುಡುಗಿ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋಗುತ್ತಾಳೆ. ಆಮೇಲೆ ಒಳಗಿನಿಂದ ಎರಡು ತಟ್ಟೆಗಳ ಸದ್ದು.