ತೀರ್ಪಿಗೆ ಮುಂಚೆ ಬಂದ ಕೆಮ್ಮು

ಇದು ನಡೆದದ್ದೇ. ನನ್ನ ಮೀನಿನ ಬುಟ್ಟಿಯ ಮೇಲೆ ಕೈಯಿಟ್ಟು ಹೇಳುತ್ತೇನೆ. ಇದರಲ್ಲಿ ಒಂದು ಮಾತು ಸುಳ್ಳಾದರೂ ಈ ಎಡಿನ್‌ಬರೊ ಊರಲ್ಲಿ ನಾಳೆಯಿಂದ ಬೆಕ್ಕು ಕೂಡ ನನ್ನ ಮೀನು ಮೂಸದಿರಲಿ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಟೆಯ ಕೆಳಗಿನ ಕೆರೆಯ ದಂಡೆಯಲ್ಲಿ ರಿಂಗನ್ ಲಿಡೆಲ್ ಒಬ್ಬನೇ ನಿಂತಿದ್ದಾನೆ. ಎದೆ ತುಂಬ ಉಸಿರೆಳೆದು ಮಂಜಿನ ಕಡೆ ಮುಖ ಮಾಡಿ ಕೂಗುತ್ತಾನೆ: “ಇದೇ ತೀರ್ಪು ಎಂದು ನಾನು ಸಾರುತ್ತೇನೆ!” ಬಾತುಗಳು ಗಾಬರಿಯಾಗಿ ಏಳುತ್ತವೆ. ಅತ್ತ ಲೀತ್ ಬಂದರಿನಲ್ಲಿ ನಾವಿಕರು ಬಿರುಗಾಳಿ ಬಂತೆಂದು ಹಾಯಿ ಇಳಿಸುತ್ತಾರೆ. ನಾನೇ ಕಂಡಿದ್ದೇನೆ.

ರಿಂಗನ್ ಕೋರ್ಟಿನ ಡೆಂಪ್‌ಸ್ಟರ್. ನ್ಯಾಯಾಧೀಶರು ಗಲ್ಲು ಎಂದು ತೀರ್ಮಾನಿಸಿದರೂ ತಮ್ಮ ಬಾಯಿಂದ ಸಾರುವುದಿಲ್ಲ. ಗುಮಾಸ್ತ ಓದುತ್ತಾನೆ. ರಿಂಗನ್ ಅಪರಾಧಿಯ ತಲೆಯ ಮೇಲೆ ಕೈಯಿಟ್ಟು ಅದನ್ನೇ ಮಾತು ಮಾತಾಗಿ ತಿರುಗಿ ಹೇಳುತ್ತಾನೆ. ಕೊನೆಗೆ ಆ ಸಾಲು. ಅದು ಅವನ ಬಾಯಿಂದ ಬಿದ್ದರೆ ಮುಗಿಯಿತು.

ಹಾಗಾಗಿ ಊರಿಗೆ ಅವನೇ ಕೆಟ್ಟವನು. ಮೆಟ್ಟಿಲಲ್ಲಿ ಎದುರಾದವರು ಗೋಡೆಗೆ ಅಂಟಿಕೊಳ್ಳುತ್ತಾರೆ. ಹಾಲಿನವಳು ತಂಬಿಗೆಯನ್ನು ದೂರದಲ್ಲಿಟ್ಟು ಓಡುತ್ತಾಳೆ. “ನ್ಯಾಯಾಧೀಶರ ಬಾಯಿ ಚೊಕ್ಕಟ ನೋಡಿ, ಹೊಲಸಾಗಿರೋದು ನಂದು” ಎಂದು ನಗುತ್ತಾನೆ ರಿಂಗನ್. ಆಮೇಲೆ ತನ್ನ ಅಂಗೈ ನೋಡಿಕೊಳ್ಳುತ್ತಾನೆ. “ಅವರ ತಲೆ ಬಿಸಿ ಇರುತ್ತಲ್ಲ, ಆ ಬಿಸಿ ಕೈಗೆ ಹತ್ತುತ್ತೆ. ಮನೆಗೆ ಬಂದ್ರೂ ಆರಲ್ಲ.”

ಹೆಂಡತಿ ಗ್ರಿಸೆಲ್ ಓಟ್ಸ್ ಗಂಜಿ ಕದಡುತ್ತಾ ಮಧ್ಯೆ ಬಾಯಿ ಹಾಕುತ್ತಾಳೆ. “ಇವ್ನ ಗಂಟಲು ನೋಡಿ ಮದುವೆಯಾದೆ ಕಣಪ್ಪ. ಗೊರಕೆಲೂ ಯಾರಿಗೋ ತೀರ್ಪು ಸಾರ್ತಾನೆ.”

ಅವರದು ನೆಲಮಾಳಿಗೆ. ಅದೇ ಕಟ್ಟಡದ ಮೇಲ್ತುದಿಯ ಮಹಡಿಯಲ್ಲಿ ವಕೀಲ ನಿನಿಯನ್ ಆರ್ನಟ್ ಇದ್ದಾರೆ. ಎರಡು ಪುಸ್ತಕ ಬರೆಯುತ್ತಿದ್ದಾರೆ; ಒಂದು ಅಪರಾಧ ಮತ್ತು ಶಿಕ್ಷೆಯ ಕಾನೂನು, ಇನ್ನೊಂದು ಯಾರೂ ನೋಡದಾಗಲೂ ಮನುಷ್ಯ ನೆಟ್ಟಗಿರುವುದು ಹೇಗೆಂದು. ಆ ಮೆಟ್ಟಿಲಿಳಿದು ರಿಂಗನ್‌ನ ಮನೆಗೆ ಬಂದು ಕೂತ ದೊಡ್ಡ ಮನುಷ್ಯರು ಅವರೊಬ್ಬರೇ.

“ರಿಂಗನ್, ನಿನ್ನ ಕೆಲಸದ ವಿಷಯ ಬರೀತಿದ್ದೀನಿ. ತೀರ್ಪು ಯಾವಾಗ ಗಟ್ಟಿ ಆಗುತ್ತೆ?”

“ನಾನು ಕೊನೇ ಸಾಲು ಅಂದಾಗ ರಾಯರೇ.”

“ಅಲ್ಲೀತನಕ?”

“ಅಲ್ಲೀತನಕ ಮೀನು ಮಾರೋನಂಗೆ ಬರೀ ಕೂಗ್ತಿರ್ತೀನಿ.”

ವಕೀಲರು ನಕ್ಕರು, ನಕ್ಕು ಬರೆದರು: ಕೊನೆಯ ಸಾಲು ಹೊರಡುವವರೆಗೆ ಕಟಕಟೆಯಲ್ಲಿರುವವರ ಪರವಾಗಿ ಇನ್ನೂ ಮಾತಾಡಬಹುದು. ಆಮೇಲೆ ಇನ್ನೊಂದು ಹಾಳೆ ತೆಗೆದು ಓದಿದರು. ಮಾಟಗಾತಿಯೆಂದು ಹಿಡಿದ ಹೆಂಗಸನ್ನು ಮಲಗಗೊಡದೆ ಬಾಯಿ ಬಿಡಿಸಿದರೆ ಅದು ತಪ್ಪೊಪ್ಪಿಗೆಯಲ್ಲ, ನಿದ್ದೆಗಾಗಿ ಇಟ್ಟ ಮೊರೆ. ಗ್ರಿಸೆಲ್ ಗಂಜಿ ಕದಡುವುದನ್ನು ನಿಲ್ಲಿಸಿದಳಂತೆ.

ಕಳೆದ ಚಳಿಗಾಲದಲ್ಲಿ ಅಂಥವಳೇ ಕಟಕಟೆಗೆ ಬಂದಳು. ಯೂಫೆನ್ ಶೀಲ್, ನೇಕಾರನ ವಿಧವೆ. ನೆರೆಯವರ ಹಸುವಿನ ಹಾಲು ಬತ್ತಿದ್ದಕ್ಕೆ ಇವಳ ಮಾಟವೇ ಕಾರಣವೆಂದು ಹಿಡಿದು, ಕಣ್ಣು ಮುಚ್ಚಿದಾಗಲೆಲ್ಲ ಚುಚ್ಚಿ ಎಬ್ಬಿಸಿ ಒಪ್ಪಿಸಿದ್ದರು. ಅವಳ ಪರ ಆರ್ನಟ್ ವಕೀಲರು ಮಧ್ಯಾಹ್ನ ವಾದಿಸಬೇಕಿತ್ತು. ಪೀಠದ ನ್ಯಾಯಾಧೀಶರಿಗೆಲ್ಲ ಯಾವುದೋ ಔತಣದ ಅವಸರ. ವಿಚಾರಣೆಯನ್ನು ಬೆಳಿಗ್ಗೆಗೇ ಎಳೆದುಕೊಂಡರು. ವಕೀಲರ ಜಾಗ ಖಾಲಿ. ಸುಡಬೇಕೆಂದು ತೀರ್ಮಾನವಾಗಿಯೇ ಹೋಯಿತು.

ಗುಮಾಸ್ತ ಓದಿದ. ರಿಂಗನ್ ಅವಳ ತಲೆಯ ಮೇಲೆ ಕೈಯಿಟ್ಟು ತಿರುಗಿ ಹೇಳುತ್ತಾ ಬಂದ. ಅವಳು ನಿಂತಲ್ಲೇ ತೂಕಡಿಸುತ್ತಿದ್ದಳು. ಅವನ ಅಂಗೈ ಸಿಕ್ಕಿದ್ದೇ ದಿಂಬು ಸಿಕ್ಕಿತೆಂಬಂತೆ ತಲೆಯನ್ನು ಅದಕ್ಕೆ ಒರಗಿಸಿಬಿಟ್ಟಳು. ಉಳಿದದ್ದು ಕೊನೆಯ ಸಾಲೊಂದೇ.

ಆಗ ಬಂತು ಕೆಮ್ಮು.

ಎಂಥ ಕೆಮ್ಮು! ಕಿಟಕಿಯ ಗಾಜು ನಡುಗಿತು, ಒಬ್ಬ ನ್ಯಾಯಾಧೀಶರ ಕೂದಲಿನ ಟೋಪನ್ನು ಗಾಳಿ ಹೊತ್ತೊಯ್ದು ಗುಮಾಸ್ತನಿಗೆ ತೊಡಿಸಿತು. “ಹೇಳಿ ಮುಗಿಸೋ!” ಎಂದರು ನ್ಯಾಯಾಧೀಶರು. “ಇದೇ ತೀ... ಖೊ, ಖೊ... ಸ್ವಾಮಿ, ಗಂಟಲು!” ಬೇರೆಯವರು ಸಾರುವಂತಿಲ್ಲ. ಬಾಗಿಲ ಹೊರಗೆ ರೊಟ್ಟಿ ಹಿಡಿದು ಕೂತಿದ್ದ ಗ್ರಿಸೆಲ್‌ಗೆ ಕೆಮ್ಮು ಕೇಳಿಸಿತು. “ಹುಟ್ಟಿದಾಗಿಂದ ಕೆಮ್ಮಿದೋನಲ್ಲ ಈ ಮಹರಾಯ. ಏನೋ ಇದೆ ಅಂತ ಒಳಗೆ ಇಣುಕಿದೆ. ಆ ಹೆಂಗಸು, ಖಾಲಿ ಕುರ್ಚಿ. ರೊಟ್ಟಿ ಬಿಸಾಕಿ ರಾಯರ ಮನೆಗೆ ಓಡ್ದೆ.”

ಆರ್ನಟ್ ವಕೀಲರು ಟೋಪು ಇಲ್ಲದೆ, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಂದರು. ತಾವು ಬರೆದ ಹಾಳೆಯನ್ನೇ ಎತ್ತಿ ಓದಿದರು. ಒಬ್ಬ ನ್ಯಾಯಾಧೀಶರು ನಕ್ಕರು. ಹಿರಿಯವರು ನಗಲಿಲ್ಲ. ಯೂಫೆನ್‌ಳನ್ನು ತುಂಬಾ ಹೊತ್ತು ನೋಡಿ, “ಇವಳನ್ನ ಮೊದಲು ಮಲಗಿಸಿ. ಎದ್ದ ಮೇಲೆ ಕೇಳೋಣ” ಎಂದರು. ಎದ್ದ ಮೇಲೆ ಅವಳು ಹಸುವಿನ ಸುದ್ದಿಯನ್ನೇ ಅರಿಯಳು. ಬಿಟ್ಟರು.

ರಿಂಗನ್‌ನನ್ನು ಮಾತ್ರ ಬಿಡಲಿಲ್ಲ. ಕೆಮ್ಮು ನಿಜವೋ ನಟನೆಯೋ ಎಂದು ಇವತ್ತಿಗೂ ಕರೆಸಿ ಕೇಳುತ್ತಾರೆ. ನಟನೆಯೆಂದು ಗೊತ್ತಾದರೆ ಕೆಲಸ ಹೋಗುತ್ತದೆ, ಬೆನ್ನ ಮೇಲೆ ಚಾಟಿ ಬೀಳುತ್ತದೆ. “ನನ್ನ ಗಂಟಲು ನನ್ನ ಕೇಳಿ ಕೆಮ್ಮಲ್ಲ ಸ್ವಾಮಿ” ಎನ್ನುವುದೊಂದೇ ಅವನ ಉತ್ತರ.

ಅವನಿಗೆ ಆಸೆಯೊಂದಿದೆ. “ರಾಯರು ಆ ಕಾನೂನು ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸ್ಲಿ. ಕೊನೇ ಮಾತಿಗೆ ಮುಂಚೆ ಡೆಂಪ್‌ಸ್ಟರ್ ಒಂದು ಗುಟುಕು ನೀರು ಕುಡಿಯಬಹುದು ಅಂತ. ಅಷ್ಟರಲ್ಲಿ ಯಾರಾದ್ರೂ ಬಂದ್ರೆ ಬರಲಿ. ಬರದಿದ್ರೆ, ಆ ತಲೆಗೆ ಇನ್ನೊಂದು ಗಳಿಗೆ ಸಿಗಲಿ.”

ಅದನ್ನು ಸೇರಿಸುವವರೆಗೆ ಅವನೊಬ್ಬನ ಗಂಟಲು ಸಾಲದು. ನೀವೂ ಒಂದಲ್ಲ ಒಂದು ದಿನ ಆ ಕೋರ್ಟಿನಲ್ಲಿ ನೋಡಲು ಬಂದವರ ಬೆಂಚಿನಲ್ಲಿ ಕೂರುವವರೇ. ಎಲ್ಲಿ, ಈಗ ಒಂದು ಸಲ ಕೆಮ್ಮಿ ತೋರಿಸಿ ನೋಡೋಣ.