ಸೊಸೆಯ ಐದು ನಿಮಿಷ

ವಿಧಾನಸಭೆಯಲ್ಲಿ ಯಾರಿಗೋ ಮಾತಾಡಲು ಸಮಯ ಕೊಡಲಿಲ್ಲವೆಂದು ಗಲಾಟೆಯಾಯಿತು ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವರಿಗೇನು, ಒಳಗೆ ಬಾಯಿ ಮುಚ್ಚಿಸಿದರೆ ಹೊರಗೆ ಬಂದು ಪೇಪರಿನವರ ಮುಂದೆ ಹೇಳುತ್ತಾರೆ. ನನಗೂ ಒಮ್ಮೆ ಐದು ನಿಮಿಷ ಸಿಕ್ಕಿತ್ತು, ಕಾನೂನಿನ ಪ್ರಕಾರವೇ ಸಿಕ್ಕಿತ್ತು. ಅದನ್ನು ನನ್ನ ಕಣ್ಣೆದುರಿಗೇ ನಮ್ಮ ಮಾವನವರು ನುಂಗಿ ನೀರು ಕುಡಿದರು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಅರಕಲಗೂಡಿನಲ್ಲಿ ತಾಲ್ಲೂಕು ಬೋರ್ಡು ಹೊಸದಾಗಿ ಬಂದಿತ್ತು. ಅದರಲ್ಲಿ ಹೆಂಗಸರೂ ಇರಬೇಕೆಂದು ಸರ್ಕಾರ ಹೇಳಿದ ಮೇಲೆ ನಮ್ಮ ಮಾವನವರು ನನ್ನ ಹೆಸರು ಬರೆಸಿದರು. ಅವರು ಆಗಲೇ ಮೆಂಬರು. ಮನೆಗೆ ಎರಡು ಓಟು ಬರುತ್ತವಲ್ಲ, ಬಿಡುತ್ತಾರೆಯೇ? ನನ್ನ ತವರು ಚನ್ನರಾಯಪಟ್ಟಣ. ಅಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದೆ, ರುಜು ಹಾಕಲು ಬರುತ್ತಿತ್ತು. ಅವರಿಗೆ ಅಷ್ಟೇ ಬೇಕಾಗಿದ್ದದ್ದು. ನನ್ನ ಗಂಡ ಹಾಸನದಲ್ಲಿ ಗುಮಾಸ್ತರು, ಭಾನುವಾರಕ್ಕೆ ಬಂದು ಹೋಗುವವರು. ಅಪ್ಪನ ಮಾತಿಗೆ ಹೂಂ ಅಂದರು.

ನಮ್ಮ ಕಡೆ ಸೊಸೆಯಾದವಳು ಮಾವನ ಎದುರಿಗೆ ಕೂರುವುದಿಲ್ಲ, ಬಾಯಿ ಬಿಟ್ಟು ಮಾತಾಡುವುದಿಲ್ಲ. ಏನಾದರೂ ಹೇಳಬೇಕಾದರೆ ಅತ್ತೆಯ ಕಿವಿಯಲ್ಲಿ ಹೇಳಬೇಕು. ಅತ್ತೆ ಮನೆಯಲ್ಲಿಲ್ಲದಿದ್ದರೆ ಕಂಬದ ಕಡೆ ಮುಖ ಮಾಡಿ, "ಊಟಕ್ಕೆ ಎಲೆ ಹಾಕಿದೆ" ಅನ್ನಬೇಕು. ಅಂಥವಳನ್ನು ಮಾವನ ಎದುರಿಗೇ ಸಭೆಯಲ್ಲಿ ಕೂರಿಸಿದರೆ ಏನಾಗುತ್ತದೆಂದು ಕಾಯಿದೆ ಬರೆದವರು ಯೋಚಿಸಿರಲಿಕ್ಕಿಲ್ಲ. ನಾನು ಬೀರುವಿನ ಮರೆಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ರಿಟೈರಾದ ಸ್ಕೂಲ್ ಮೇಡಂ, ಅವರೂ ಮೆಂಬರು. ನಾನು ಅವರ ಕಿವಿಯಲ್ಲಿ ಹೇಳುವುದು, ಅವರು ಎದ್ದು, "ಈಯಮ್ಮ ಹೀಗೆ ಕೇಳ್ತಾ ಇದ್ದಾರೆ" ಎಂದು ಜೋರಾಗಿ ಹೇಳುವುದು. ಮೊದಲ ವರ್ಷ ಹೇಗೋ ನಡೆಯಿತು. ಎರಡು ಊರಿಗೆ ಸ್ಕೂಲಿನ ಹೆಂಚು ಬಂದದ್ದು ಹಾಗೆಯೇ.

ಆಮೇಲೆ ಬಂತು ನೋಡಿ ಸುಧಾರಣೆ! ಬೋರ್ಡಿನಲ್ಲಿ ಒಬ್ಬರು ವಕೀಲರಿದ್ದರು. ಎದ್ದು ನಿಂತರೆಂದರೆ ದೇಶದ ಕಥೆಯನ್ನೆಲ್ಲ ಹೇಳಿ, ಕೊನೆಗೆ ನಮ್ಮ ತಾಲ್ಲೂಕಿಗೆ ಬರುವಷ್ಟರಲ್ಲಿ ರಾಮನಾಥಪುರದ ಕಡೆಯ ಮೆಂಬರುಗಳು ಬಸ್ಸು ಹಿಡಿಯಲು ಎದ್ದು ಹೋಗುತ್ತಿದ್ದರು. ಒಂದು ಸಲ ಅವರಲ್ಲೊಬ್ಬರು ರೇಗಿ ಮೇಜು ಗುದ್ದಿದರು.

"ಏನ್ಸಾ ಇದು, ನೀವೊಬ್ರೇನಾ ಮೆಂಬ್ರು? ನಮ್ಗೂ ಬಾಯೈತೆ ಕಣ್ರೀ!"

"ಬಾಯಿದ್ರೆ ಆಯ್ತೇನ್ರೀ, ವಿಷಯ ಬೇಡ್ವಾ?" ಎಂದರು ವಕೀಲರು.

ಕೈ ಕೈ ಮಿಲಾಯಿಸುವುದೊಂದು ಬಾಕಿ. ಕೊನೆಗೆ ಅಧ್ಯಕ್ಷರು ಹೊಸ ನಿಯಮ ಮಾಡಿಸಿದರು. ಒಬ್ಬೊಬ್ಬರಿಗೂ ಐದೇ ನಿಮಿಷ, ಗಂಟೆ ಹೊಡೆದರೆ ಕೂರಬೇಕು. ಅವರವರ ಮಾತು ಅವರವರೇ ಆಡಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ವಕೀಲರು ಬಿಡುತ್ತಾರೆಯೇ? ಒಬ್ಬ ಮೆಂಬರು ತನ್ನ ಸಮಯವನ್ನು ಇನ್ನೊಬ್ಬ ಮೆಂಬರಿಗೆ ಬಿಟ್ಟುಕೊಡಬಹುದು ಎಂಬುದೊಂದನ್ನು ಬಾಲಕ್ಕೆ ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ನನ್ನ ಮುಖ ನೋಡಿದರು. ಮುಂದಿನ ಮೀಟಿಂಗಿನಲ್ಲಿ ನಾನು ಕೇಳಲೇಬೇಕಾದ ಮಾತೊಂದಿತ್ತು.

ನಮ್ಮ ನಾದಿನಿ, ಮಾವನವರ ಕೊನೇ ಮಗಳು, ಬಾಣಂತನಕ್ಕೆ ಮನೆಗೆ ಬಂದಿದ್ದಳು. ಮೊದಲ ಹೆರಿಗೆಯಲ್ಲೇ ಸತ್ತು ಬದುಕಿದವಳು. ಊರಿನ ಸೂಲಗಿತ್ತಿ ಆಗಲೇ ಕೈಮುಗಿದು, "ಇನ್ನೊಂದ್ ದಪ ಈ ಮಗಿನ ಎರಿಗೆ ನನ್ ಕೈಲಾಗಕಿಲ್ಲ ಕಣವ್ವ" ಎಂದುಬಿಟ್ಟಿದ್ದಳು. ಆಸ್ಪತ್ರೆಗೆ ಮೊದಲೇ ಸೇರಿಸೋಣವೆಂದರೆ ಮಾವನವರು ಸುತರಾಂ ಒಪ್ಪಲಿಲ್ಲ. ಗೌಡರ ಮಗಳು ಕಂಡಕಂಡವರ ನಡುವೆ ಮಂಚದ ಮೇಲೆ ಮಲಗಿ ಹೆರುವುದುಂಟೇ ಎಂದರು. ಮಿಡ್‌ವೈಫು ಮನೆಗೇ ಬಂದರೆ ಅವರದೇನೂ ತಕರಾರಿರಲಿಲ್ಲ. ಅದೇ ಹೊತ್ತಿಗೆ ಸರ್ಕಾರ ತಾಲ್ಲೂಕಿಗೆ ಒಬ್ಬ ಮಿಡ್‌ವೈಫನ್ನು ಕೊಡುವುದಾಗಿಯೂ, ಯಾವ ಊರಿನಲ್ಲಿ ಇರಿಸಬೇಕೆಂದು ಬೋರ್ಡೇ ಹೇಳಬೇಕೆಂದೂ ತಿಳಿಸಿತ್ತು. ಹೊಳೆನರಸೀಪುರದ ದಾರಿಯಲ್ಲಿರುವ ನಮ್ಮೂರಿನ ಸುತ್ತ ಎತ್ತ ನೋಡಿದರೂ ಒಬ್ಬ ನರ್ಸಿಲ್ಲ.

ಮೀಟಿಂಗಿನ ದಿನ ಬೆಳಿಗ್ಗೆ ನಾದಿನಿ ನನ್ನ ಸೆರಗು ಹಿಡಿದುಕೊಂಡಳು.

"ಅತ್ಗೆ, ಇವತ್ತು ಬಾಯ್ಬುಟ್ಟು ಏಳ್ತೀಯಾ? ನಂಗೆ ಭಯ ಆಯ್ತದೆ ಕಣತ್ಗೆ."

"ಸುಮ್ನಿರೇ, ಏಳ್ದೆ ಬುಟ್ಟೇನಾ? ನಿಮ್ಮಪ್ಪ ಮನೆಯಿಂದ ಓಡ್ಸಿದ್ರೂ ಸರಿ" ಎಂದೆ. ನಿಜವಾಗಿಯೂ ಹೇಳಬೇಕೆಂದೇ ಹೋದೆ. ಮಾವನವರ ಕಡೆ ನೋಡದೆ, ಗೋಡೆಯ ಕಡೆ ತಿರುಗಿಯಾದರೂ ಸರಿ, ಹೇಳಿಯೇ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ನನ್ನ ಸರದಿಗೆ ಮುಂಚೆ ಮಾವನವರದು. ತೋಟದ ಪಕ್ಕದ ಗಾಡಿದಾರಿಗೆ ಜಲ್ಲಿ ಹಾಕಿಸಬೇಕೆಂದು ಹಿಡಿದುಕೊಂಡರು. ತೋಟ ನಮ್ಮದೇ. ಐದು ನಿಮಿಷಕ್ಕೆ ಗಂಟೆ ಬಡಿಯಿತು. ಅವರು ಕೂರಲಿಲ್ಲ.

"ಇನ್ನೂ ಐತೆ ಸಾ. ನಮ್ ಸೊಸೆ ಟೇಮೂ ನಂಗೇ ಸೇರ್ಸಿ. ಒಂದೇ ಮನೆಯೋರು, ಎರಡೆರಡು ಮಾತ್ಯಾಕೆ?"

ಅಧ್ಯಕ್ಷರು ಬೀರುವಿನ ಕಡೆ ಕತ್ತು ಚಾಚಿ, "ಏನಮ್ಮ, ಬಿಟ್ಕೊಡ್ತೀರಾ?" ಎಂದು ಕೇಳಿದರು.

ನಾನು ಎದ್ದೆ. ಮಾವನವರು ನಿಂತೇ ಇದ್ದರು, ನನ್ನ ಕಡೆಗೇ ತಿರುಗಿ. ಕೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಮೇಡಂ ಎದ್ದು, "ಅವರಿಗೆ ಮಿಡ್‌ವೈಫ್ ವಿಷಯ ಹೇಳೋದಿದೆ ಸಾರ್" ಎಂದರು.

ವಕೀಲರು ತಕ್ಷಣ ಎದ್ದರು. "ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡೋ ಹಾಗಿಲ್ಲ! ನಿಯಮ ಅಂದ್ರೆ ನಿಯಮ."

ಮೇಡಂ ತಮ್ಮ ಐದು ನಿಮಿಷವನ್ನು ಆಗಲೇ ಮುಗಿಸಿದ್ದರು. ಅಧ್ಯಕ್ಷರು ಅವರಿಗೆ ಕೂರಲು ಹೇಳಿದರು. ಕೈಸನ್ನೆಗೆ ನಿಯಮದಲ್ಲಿ ಜಾಗವಿರಲಿಲ್ಲವಂತೆ. ಬೇಡವೆಂದು ಬಾಯಲ್ಲಿ ಹೇಳಲಿಲ್ಲವಾದ್ದರಿಂದ ಒಪ್ಪಿಗೆಯೇ ಎಂದು ಬರೆದುಕೊಂಡರು. ಮಾವನವರು ನನ್ನ ಐದು ನಿಮಿಷವನ್ನೂ ಜಲ್ಲಿಗೆ ಸುರಿದರು. ಮಿಡ್‌ವೈಫು ರಾಮನಾಥಪುರದ ಕಡೆಗೆ ಹೋದಳು. ಆ ಕಡೆಯವರು ಕೇಳಿದರು, ಈ ಕಡೆಯಿಂದ ಕೇಳಿದವರೇ ಇಲ್ಲ. ಬಾಯಿ ಬಿಡದಿದ್ದದ್ದು ನಿಮ್ಮದೇ ತಪ್ಪು ಎಂದು ಮೇಡಂ ಆಮೇಲೆ ನನಗೆ ಮೆಲ್ಲಗೆ ಅಂದರು. ನಾನು ಒಪ್ಪುವುದಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ಬಾಯಿಗೆ ಬೀಗ ಹಾಕಿ ಬೆಳೆಸಿದವರು, ಸಭೆಯಲ್ಲಿ ಕೂರಿಸಿ ಯಾಕೆ ಮಾತಾಡಲಿಲ್ಲ ಅಂದರೆ ಯಾವ ನ್ಯಾಯ?

ಮನೆಗೆ ಬಂದರೆ ನಾದಿನಿ ಹೊಸ್ತಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಒಳಗೆ ಹೋದಳು.

ಕೆಲವು ವಾರ ಕಳೆದು ಅವಳಿಗೆ ನೋವು ಬಂದದ್ದು ಬೆಳಗಿನ ಬಸ್ಸು ಹೋದ ಮೇಲೆ. ಸೂಲಗಿತ್ತಿ ನೋಡಿ ಹಿಂದೆ ಸರಿದಳು. ಆಗ ಮಾವನವರೇ ಎತ್ತು ಹೂಡಿದರು. ಗೌಡರ ಮರ್ಯಾದೆಯ ಮಾತು ಈಗ ಅವರ ಬಾಯಲ್ಲಿ ಬರಲಿಲ್ಲ. ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಿಸಿಲು ಸುಡುತ್ತಿತ್ತು, ಅವಳ ಕೈ ಮಾತ್ರ ತಣ್ಣಗಾಗುತ್ತಾ ಬಂತು. ಹೊಳೆನರಸೀಪುರದ ಆಸ್ಪತ್ರೆ ಇನ್ನೂ ದೂರವಿರುವಾಗಲೇ ಗಾಡಿ ಹಿಂದಕ್ಕೆ ತಿರುಗಿಸಬೇಕಾಯಿತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಮಾವನವರು ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು ಹೋ ಎಂದು ಅಳುತ್ತಿದ್ದರು. ನನಗೆ ಅವರನ್ನು ಕಂಡು ಅಯ್ಯೋ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ.

ಮುಂದಿನ ಮೀಟಿಂಗಿನಲ್ಲಿ ಮೊದಲು ಸಂತಾಪ. ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತರು. ದುಃಖದ ಸಂದರ್ಭವೆಂದು ಅಧ್ಯಕ್ಷರು ಆವತ್ತಿನ ಮಟ್ಟಿಗೆ ಐದು ನಿಮಿಷದ ನಿಯಮವನ್ನು ಬದಿಗಿಟ್ಟು, ಮಾವನವರಿಗೆ ಮಾತಾಡಲು ಹೇಳಿದರು. ಅವರು ಟವೆಲಿನಿಂದ ಮುಖ ಮುಚ್ಚಿಕೊಂಡು, "ನೀನೇ ಏಳವ್ವ" ಎಂದು ನನ್ನ ಕಡೆ ಕೈ ತೋರಿಸಿ ಕೂತುಬಿಟ್ಟರು.

ನಾನು ಬೀರುವಿನ ಮರೆಯಿಂದ ಈಚೆಗೆ ಬಂದು, ಮಾವನವರ ಎದುರಿಗೇ ನಿಂತು ಹೇಳಿದೆ. ನಮ್ಮ ಭಾಗಕ್ಕೂ ಒಬ್ಬ ಮಿಡ್‌ವೈಫು ಬೇಕೆಂದೆ, ಗಾಡಿಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ, ಯಾರೂ ಗಂಟೆ ಮುಟ್ಟಲಿಲ್ಲ. ಸರ್ಕಾರಕ್ಕೆ ಬರೆಯಬೇಕೆಂದು ಎಲ್ಲರೂ ಒಕ್ಕೊರಲಿನಿಂದ ಒಪ್ಪಿದರು.

ಹೊರಗೆ ಜಗಲಿಯಲ್ಲಿ ವಕೀಲರು ನನ್ನ ಹತ್ತಿರ ಬಂದರು. ಕಣ್ಣು ಒದ್ದೆಯಾಗಿತ್ತು.

"ಎಷ್ಟು ಚೆನ್ನಾಗಿ ಮಾತಾಡ್ತೀರಮ್ಮ ನೀವು," ಎಂದರು. "ಇದನ್ನ ಹೋದ ಮೀಟಿಂಗಿನಲ್ಲೇ ಹೇಳಬಾರದಾಗಿತ್ತೇ?"